ಟೇಪ್ ಹಿಡಿದು ಅಳೆದ ಮೇಲೆ ಕನ್ಸೋಲ್ ಕೊಳ್ಳಿ

ದೀಪಾವಳಿಗೆ ಮೈಸೂರಿನ ಅಕ್ಕನ ಮನೆಗೆ ಹೋದಾಗ ಅವಳ ಮಗ ಬಾಗಿಲಲ್ಲೇ ಹಿಡಿದುಕೊಂಡ. "ಮಾಮ, ಪಿಎಸ್5 ತಗೊಳ್ಳೋದಾ, ಇಲ್ಲ ಪ್ರೋನೇ ತರಿಸೋದಾ? ದುಬೈಯಿಂದ ಫ್ರೆಂಡ್ ಬರ್ತಿದ್ದಾನೆ. ಒಂದು ವಿಆರ್ ಹೆಡ್‌ಸೆಟ್ಟೂ ತರ್ತೀನಿ ಅಂದಿದ್ದಾನೆ." ಕೆಲಸಕ್ಕೆ ಸೇರಿ ಒಂದು ವರ್ಷವಾಗಿದೆ, ಬೋನಸ್ ಬಂದಿದೆ, ಯಾವುದನ್ನೂ ಅರೆಮನಸ್ಸಿನಿಂದ ಕೊಳ್ಳುವ ವಯಸ್ಸಲ್ಲ. ನಾನು ಉತ್ತರ ಕೊಡುವ ಮೊದಲು ಅಕ್ಕನ ಹೊಲಿಗೆ ಡಬ್ಬಿಯಿಂದ ಟೇಪ್ ತರಿಸಿದೆ. ಸೋಫಾದ ಒರಗಿನಿಂದ ಟಿವಿಯ ತನಕ ನೆಲದ ಮೇಲೆ ಹಾಸಿ ಅಳೆದೆವು. ಐದಡಿಯ ಟೇಪು ಎರಡು ಸಲ, ಮೇಲೆ ಆರು ಇಂಚು. ಅಂದರೆ ಹತ್ತೂವರೆ ಅಡಿ. ಗೋಡೆಯ ಮೇಲಿದ್ದದ್ದು 43 ಇಂಚಿನ ಟಿವಿ.

ಅವನ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತ್ತು. ಹೇಗೆಂದು ಹೇಳುವ ಮುನ್ನ, ಈ 'ಪ್ರೋ' ಎಂಬ ವಸ್ತು ಏನು ಎಂಬುದು ಗೊತ್ತಿರಬೇಕು.

ಗೇಮ್ ಕನ್ಸೋಲಿನ ಒಂದು ಪೀಳಿಗೆ ಸಾಮಾನ್ಯವಾಗಿ ಆರೇಳು ವರ್ಷ ಬಾಳುತ್ತದೆ. ಅಷ್ಟು ದಿನ ಒಂದೇ ಪೆಟ್ಟಿಗೆ, ಅದಕ್ಕೇ ಬರೆದ ಗೇಮ್‌ಗಳು ಎಂಬುದು ಹಳೆಯ ಪದ್ಧತಿ. 2013ರಲ್ಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಬಂದ ಎರಡು ಮೂರು ವರ್ಷಗಳಲ್ಲೇ 4ಕೆ ಟಿವಿಗಳು ಅಗ್ಗವಾಗತೊಡಗಿದವು. ಟಿವಿ ಮುಂದೆ ಹೋಯಿತು, ಕನ್ಸೋಲ್ ಹಿಂದೆ ಉಳಿಯಿತು. ಆಗ ಕಂಪನಿಗಳು ಹೊಸ ಪೀಳಿಗೆಗೆ ಕಾಯದೆ, ಅದೇ ಗೇಮ್‌ಗಳನ್ನು ಇನ್ನಷ್ಟು ಚೆನ್ನಾಗಿ ತೋರಿಸುವ ಪೆಟ್ಟಿಗೆಯನ್ನು ಪೀಳಿಗೆಯ ನಡುವಿನಲ್ಲೇ ತಂದವು. 2016ರ ನವೆಂಬರಿನಲ್ಲಿ ಪಿಎಸ್4 ಪ್ರೋ ಬಂತು, ಬೆಲೆ 399 ಡಾಲರ್. ಮರುವರ್ಷದ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಒನ್ ಎಕ್ಸ್ ಬಂತು, 499 ಡಾಲರ್. 2024ರ ನವೆಂಬರ್ 7ರಂದು ಪಿಎಸ್5 ಪ್ರೋ ಬಂದಾಗ ಬೆಲೆ 699.99 ಡಾಲರಿಗೆ ಏರಿತ್ತು.

ಈ ಮೂರೂ ಪೆಟ್ಟಿಗೆಗಳ ಒಳಗೆ ನಡೆದ ಬದಲಾವಣೆ ಒಂದೇ ಬಗೆಯದು. ಕನ್ಸೋಲಿನಲ್ಲಿ ಎರಡು ದೊಡ್ಡ ಕೆಲಸಗಳಿವೆ. ಗೇಮಿನ ಲೋಕದಲ್ಲಿ ಏನು ನಡೆಯುತ್ತಿದೆ ಎಂದು ಲೆಕ್ಕ ಹಾಕುವುದು ಸಿಪಿಯು: ಶತ್ರು ಎಲ್ಲಿ ಓಡಿದ, ಗೋಡೆ ಹೇಗೆ ಬಿತ್ತು, ರಸ್ತೆಯಲ್ಲಿ ಎಷ್ಟು ವಾಹನಗಳಿವೆ. ಅದನ್ನು ಚಿತ್ರವಾಗಿ ಬಿಡಿಸುವುದು ಜಿಪಿಯು. ಪಿಎಸ್4ರ ಜಿಪಿಯು ಶಕ್ತಿ 1.84 ಟೆರಾಫ್ಲಾಪ್ ಇದ್ದದ್ದು ಪ್ರೋದಲ್ಲಿ 4.2 ಆಯಿತು, ಎರಡು ಪಟ್ಟಿಗೂ ಹೆಚ್ಚು. ಸಿಪಿಯು ಮಾತ್ರ 1.6 ಗಿಗಾಹರ್ಟ್ಜ್‌ನಿಂದ 2.1ಕ್ಕೆ ಬಂದು ನಿಂತಿತು. ಎಕ್ಸ್‌ಬಾಕ್ಸ್ ಒನ್ ಎಕ್ಸ್ 6 ಟೆರಾಫ್ಲಾಪ್‌ಗೆ ಹಾರಿತು, ಅದರ ಸಿಪಿಯು ಕೂಡ ಹಳೆಯದರ ತಮ್ಮನೇ. ಪಿಎಸ್5 ಪ್ರೋದಲ್ಲೂ ಹಾಗೆಯೇ. ಚಿತ್ರ ಬಿಡಿಸುವ ಘಟಕಗಳು ಶೇಕಡಾ 67 ಹೆಚ್ಚಿವೆ, ಮೆಮೊರಿ ಶೇಕಡಾ 28 ವೇಗವಾಗಿದೆ, ಸಿಪಿಯು ಹೆಚ್ಚುಕಡಿಮೆ ಅದೇ.

ಹಾಗಾಗಿ ಮಧ್ಯಾವಧಿಯ ಕನ್ಸೋಲ್ ಗೇಮನ್ನು ಬದಲಿಸುವುದಿಲ್ಲ, ಅದರ ಚಿತ್ರವನ್ನು ಮಾತ್ರ ತಿದ್ದುತ್ತದೆ. ಪಿಎಸ್4ರಲ್ಲಿ ಸೆಕೆಂಡಿಗೆ 30 ಫ್ರೇಮ್ ಓಡುತ್ತಿದ್ದ 'ಹೊರೈಜನ್ ಜೀರೋ ಡಾನ್' ಪ್ರೋದಲ್ಲೂ 30ರಲ್ಲೇ ಓಡಿತು. ಚಿತ್ರ ಮಾತ್ರ 4ಕೆ ಹತ್ತಿರಕ್ಕೆ ಬಂತು. ಅದೂ ಪೂರ್ತಿ 4ಕೆ ಅಲ್ಲ. ಚದುರಂಗದ ಮಣೆಯಲ್ಲಿ ಬಿಳಿ ಮನೆಗಳನ್ನಷ್ಟೇ ಬಿಡಿಸಿ, ಕಪ್ಪು ಮನೆಗಳನ್ನು ಹಿಂದಿನ ಫ್ರೇಮ್ ನೋಡಿ ತುಂಬಿಕೊಳ್ಳುವ ಉಪಾಯ ಅದು. ಪಿಎಸ್5 ಪ್ರೋ ಈ ಕೆಲಸಕ್ಕೆ ಯಂತ್ರಕಲಿಕೆಯನ್ನು ಹಚ್ಚಿದೆ. ಅದರ ಹೆಸರು ಪಿಎಸ್ಎಸ್ಆರ್. ಸಣ್ಣ ಚಿತ್ರವನ್ನು ಬಿಡಿಸಿಕೊಂಡು ದೊಡ್ಡದು ಮಾಡುವಾಗ ಬೇಲಿಯ ತಂತಿ, ತಲೆಗೂದಲು, ದೂರದ ಮರದ ಎಲೆಗಳು ನಡುಗುವುದುಂಟಲ್ಲ, ಆ ನಡುಕವನ್ನು ಅದು ಚೆನ್ನಾಗಿ ತಡೆಯುತ್ತದೆ.

ಪಿಎಸ್5ರ ಬಹಳಷ್ಟು ಗೇಮ್‌ಗಳು ಶುರುವಿನಲ್ಲೇ ಕೇಳುತ್ತವೆ: ಚಂದದ ಚಿತ್ರ ಬೇಕೋ, 60 ಫ್ರೇಮಿನ ಸರಾಗ ಓಟ ಬೇಕೋ? ಆಟಗಾರರು ನಾಲ್ಕರಲ್ಲಿ ಮೂರು ಸಲ ಓಟವನ್ನೇ ಆರಿಸುತ್ತಾರೆ ಎಂದು ಪಿಎಸ್5 ಪ್ರೋದ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿ 2024ರ ಸೆಪ್ಟೆಂಬರಿನಲ್ಲಿ ಹೇಳಿದ್ದರು. ಎರಡನ್ನೂ ಒಟ್ಟಿಗೆ ಕೊಡುವುದು ಪ್ರೋದ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ನಿಮ್ಮ ಕೋಣೆಯಲ್ಲಿ ಅದು ಕಣ್ಣಿಗೆ ಕಾಣುತ್ತದೆಯೇ?

ಇಲ್ಲಿ ಟೇಪಿನ ಕೆಲಸ ಬರುತ್ತದೆ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತ ಸಣ್ಣ ಅಂತರವನ್ನು ಸಾಮಾನ್ಯ ಕಣ್ಣು ಬಿಡಿಸಿ ನೋಡಲಾರದು. ಈ ಲೆಕ್ಕವನ್ನು ಟಿವಿಯ ಪಿಕ್ಸೆಲ್‌ಗೆ ಹಚ್ಚಿದರೆ ಒಂದು ಸುಲಭ ಸೂತ್ರ ಸಿಗುತ್ತದೆ. ಪರದೆಯ ಕರ್ಣದ ಅಳತೆಯ ಸುಮಾರು ಒಂದೂವರೆ ಪಟ್ಟಿಗಿಂತ ದೂರ ಕೂತರೆ ಫುಲ್ ಎಚ್‌ಡಿಗೂ 4ಕೆಗೂ ಇರುವ ವ್ಯತ್ಯಾಸ ಕರಗುತ್ತ ಹೋಗುತ್ತದೆ. 55 ಇಂಚಿನ ಟಿವಿಗೆ ಈ ಗಡಿ ಏಳು ಅಡಿಯ ಆಸುಪಾಸು. 43 ಇಂಚಿಗೆ ಐದೂವರೆ ಅಡಿ ದಾಟಿದರೆ ಮುಗಿಯಿತು. ಹತ್ತೂವರೆ ಅಡಿಯಲ್ಲಿ ಕೂರುವ ನನ್ನ ಸೋದರಳಿಯನಿಗೆ ಆ ವ್ಯತ್ಯಾಸ ಕಾಣತೊಡಗಬೇಕಾದರೇ 80 ಇಂಚಿಗಿಂತ ದೊಡ್ಡ ಟಿವಿ ಬೇಕು. ಎಲೆಗಳ ನಡುಕ ಕಡಿಮೆಯಾದದ್ದು ದೂರದಿಂದಲೂ ಅಷ್ಟಿಷ್ಟು ಗೊತ್ತಾಗುತ್ತದೆ, ನಿಜ. ಅದಕ್ಕಾಗಿ ಪ್ರೋದ ಹೆಚ್ಚಿನ ಬೆಲೆ ಕೊಡಿ ಎಂದು ನಾನು ಯಾರಿಗೂ ಹೇಳಲಾರೆ.

ನಾಲ್ಕು ಅಡಿ ಎದುರಿಗೆ ಕುರ್ಚಿ ಹಾಕಿಕೊಂಡು 55 ಇಂಚಿನ ಒಳ್ಳೆಯ ಟಿವಿಯಲ್ಲಿ ಆಡುವವರಿಗೆ ಈ ಮಾತು ತಿರುಗುಮುರುಗು. ಅವರಿಗೆ ಪ್ರೋ ದಿನವೂ ಕಾಣುವ ಸುಖ. ಟಿವಿ 120 ಹರ್ಟ್ಜ್‌ನದ್ದೇ, ಎಚ್‌ಡಿಎಂಐ 2.1 ಕಿಂಡಿ ಇದೆಯೇ, ಫ್ರೇಮಿನ ಏರಿಳಿತಕ್ಕೆ ತಕ್ಕಂತೆ ಪರದೆಯೂ ಹೊಂದಿಕೊಳ್ಳುವ ವಿಆರ್‌ಆರ್ ಇದೆಯೇ ಎಂದು ನೋಡಿಕೊಂಡು ಮುಂದುವರಿಯಬಹುದು. ಟಿವಿಯಲ್ಲಿ 'ಗೇಮ್ ಮೋಡ್' ಹಾಕಿಕೊಳ್ಳುವುದನ್ನು ಎಷ್ಟೋ ಮನೆಗಳಲ್ಲಿ ಮರೆತೇ ಬಿಟ್ಟಿರುತ್ತಾರೆ. ಕಾಸು ಖರ್ಚಿಲ್ಲದೆ ಆಟ ಸುಧಾರಿಸುವ ಗುಂಡಿ ಅದು. ಬಟನ್ ಒತ್ತಿದ್ದಕ್ಕೂ ಪಾತ್ರ ಜಿಗಿದದ್ದಕ್ಕೂ ನಡುವಿನ ತಡ ಅದರಿಂದ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ.

ಇನ್ನು ಭಾರತದ ಮಾತು. ಪಿಎಸ್5 ಪ್ರೋ ಬಿಡುಗಡೆಯಾದಾಗ ಸೋನಿ ಅದನ್ನು ನಮ್ಮ ದೇಶಕ್ಕೆ ತರಲಿಲ್ಲ. ಅದರಲ್ಲಿರುವ ವೈಫೈ 7 ಬಳಸುವ 6 ಗಿಗಾಹರ್ಟ್ಜ್ ತರಂಗಾಂತರಕ್ಕೆ ಆಗ ಭಾರತದಲ್ಲಿ ಅನುಮತಿ ಇರಲಿಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. ಹಾಗಾಗಿ ಆಗ ಇಲ್ಲಿ ಕಂಡದ್ದೆಲ್ಲ ಯಾರೋ ಸೂಟ್‌ಕೇಸಿನಲ್ಲಿ ತಂದದ್ದು, ಅಥವಾ ಅಂಗಡಿಯವರು ತಾವೇ ತರಿಸಿದ್ದು. ಅಂಥ ಪೆಟ್ಟಿಗೆಗೆ ಇಲ್ಲಿ ವಾರಂಟಿ ಸಿಗುತ್ತದೆ ಎಂದು ನಂಬಿಕೊಂಡು ಕೊಳ್ಳಬೇಡಿ. ಸ್ನೇಹಿತರ ಕೈಲಿ ತರಿಸುವುದಾದರೆ ಬಿಲ್ ಜೊತೆಗಿರಲಿ. ವಿಮಾನ ನಿಲ್ದಾಣದಲ್ಲಿ ಸುಂಕವಿಲ್ಲದೆ ತರುವುದಕ್ಕೆ ಮಿತಿ ಇದೆ, ಅವರು ಹೊರಡುವ ಮೊದಲೇ ಆ ಮಿತಿ ವಿಚಾರಿಸಿ. ಕೇಳಿದ ಬೆಲೆಯ ಮೇಲೆ ಸೇರುವ ಲೆಕ್ಕವೂ ಇದೆ. ಪಿಎಸ್5 ಪ್ರೋಗೆ ಡಿಸ್ಕ್ ಡ್ರೈವ್ ಇಲ್ಲ. ಡ್ರೈವ್ 79.99 ಡಾಲರ್, ನಿಲ್ಲಿಸುವ ಸ್ಟ್ಯಾಂಡ್ 29.99. ಎಲ್ಲ ಕೂಡಿಸಿದರೆ ಬಿಡುಗಡೆಯ ದಿನದ ಬೆಲೆಯಲ್ಲೇ 809.97 ಡಾಲರ್ ಆಯಿತು. ಒಂದು ಗೇಮ್ ಮುಗಿಸಿ ಡಿಸ್ಕ್ ಮಾರಿ ಇನ್ನೊಂದು ಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಡ್ರೈವ್ ಇಲ್ಲದ ಕನ್ಸೋಲಿನಲ್ಲಿ ಆ ಉಳಿತಾಯ ಕೈತಪ್ಪುತ್ತದೆ.

ಕರೆಂಟಿನ ವಿಷಯ ಸಣ್ಣದೆನಿಸಬಹುದು. ಪಿಎಸ್4 ಪ್ರೋಗೆ ಗರಿಷ್ಠ 310 ವ್ಯಾಟ್ ಎಂದು ಬರೆದಿತ್ತು, ಪಿಎಸ್5ರ ಮೊದಲ ಮಾದರಿಗೆ 350, ಪಿಎಸ್5 ಪ್ರೋಗೆ 390. ಆಡುವಾಗ ನಿಜವಾಗಿ ಎಳೆಯುವುದು ಇದಕ್ಕಿಂತ ಕಡಿಮೆ. ಆದರೆ ಟಿವಿ, ರೌಟರ್, ಫ್ಯಾನು ಎಲ್ಲ ಒಂದೇ ಇನ್ವರ್ಟರ್ ಮೇಲಿದ್ದರೆ ಕೂಡಿಸಿ ನೋಡಬೇಕು. ಗೇಮ್ ಸೇವ್ ಆಗುತ್ತಿರುವಾಗ ಕರೆಂಟ್ ಹೋದರೆ ಡೇಟಾ ಕೆಡಬಹುದು. ನನ್ನ ನಲವತ್ತು ಗಂಟೆಯ ಆಟ ಒಂದು ಮಳೆಗಾಲದ ಸಂಜೆ ಹಾಗೆಯೇ ಹೋಯಿತು, ಅಂದಿನಿಂದ ಯುಪಿಎಸ್ ಇಲ್ಲದೆ ಕನ್ಸೋಲ್ ಹಚ್ಚಿಲ್ಲ.

ಈಗ ಬೆಲೆಯ ದಿಕ್ಕಿಗೆ ಬರೋಣ. ಸೋದರಳಿಯನಿಗೆ ನಾನು ಎಲ್ಲಕ್ಕಿಂತ ಒತ್ತಿ ಹೇಳಿದ್ದು ಇದನ್ನೇ: ಕನ್ಸೋಲಿಗೆ ಕಾದರೆ ಈಗ ಲಾಭವಿಲ್ಲ, ಹೆಡ್‌ಸೆಟ್ಟಿಗೆ ಕಾದರೆ ಲಾಭವಿದೆ.

"ಸ್ವಲ್ಪ ದಿನ ತಾಳು, ಇಳಿಯುತ್ತೆ" ಎಂಬುದು ಹಿಂದೆ ಕನ್ಸೋಲ್ ವಿಷಯದಲ್ಲಿ ಸರಿಯಾದ ಬುದ್ಧಿಮಾತೇ ಆಗಿತ್ತು. ಅಮೆರಿಕದಲ್ಲಿ 2000ದಲ್ಲಿ 299 ಡಾಲರಿಗೆ ಬಂದ ಪಿಎಸ್2, 2009ರ ಹೊತ್ತಿಗೆ 99 ಡಾಲರಿಗೆ ಇಳಿದಿತ್ತು. 2006ರಲ್ಲಿ 599 ಡಾಲರ್ ಇದ್ದ ಪಿಎಸ್3, ಮೂರು ವರ್ಷಕ್ಕೆ 299 ಆಯಿತು. ಚಿಪ್ಪನ್ನು ವರ್ಷದಿಂದ ವರ್ಷಕ್ಕೆ ಚಿಕ್ಕದು ಮಾಡುತ್ತಾ ಹೋದರೆ ತಯಾರಿಕೆಯ ಖರ್ಚೂ ಇಳಿಯುತ್ತಿತ್ತು. ಈಗ ಚಿಕ್ಕ ಚಿಪ್ಪು ಅಗ್ಗದ ಚಿಪ್ಪಲ್ಲ. ಅದಕ್ಕೆ ಹಣದುಬ್ಬರವೂ ಆಮದು ಸುಂಕವೂ ಸೇರಿದವು. 499 ಡಾಲರಿನ ಪಿಎಸ್5, 2025ರ ಆಗಸ್ಟಿನಲ್ಲಿ 549.99 ಆಯಿತು, ಪ್ರೋ 749.99ಕ್ಕೆ ಹೋಯಿತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 499ರಿಂದ ಒಂದೇ ವರ್ಷದಲ್ಲಿ ಎರಡು ಸಲ ಏರಿ 649.99 ಮುಟ್ಟಿತು. ಜಪಾನಿನಲ್ಲಿ ತೆರಿಗೆ ಸೇರಿ ಸುಮಾರು 55 ಸಾವಿರ ಯೆನ್ ಇದ್ದ ಪಿಎಸ್5, 2024ರ ಸೆಪ್ಟೆಂಬರಿನಲ್ಲಿ 79,980 ಯೆನ್. ನಮ್ಮಲ್ಲಿ 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಬಂದ ಡಿಸ್ಕ್ ಮಾದರಿ ಆಮೇಲೆ 54,990 ಆಯಿತು. ಹಬ್ಬದ ರಿಯಾಯಿತಿಗೆ ಬೇಕಾದರೆ ಕಾಯಿರಿ, ಅದು ಬೇರೆ. ಹಳತಾದಂತೆ ತಾನಾಗಿ ಇಳಿಯುತ್ತದೆ ಎಂದು ವರ್ಷಗಟ್ಟಲೆ ಕಾಯುವುದರಲ್ಲಿ ಅರ್ಥ ಉಳಿದಿಲ್ಲ.

ಹೆಡ್‌ಸೆಟ್ಟಿನ ಚರಿತ್ರೆ ಇದಕ್ಕೆ ಪೂರ್ತಿ ವಿರುದ್ಧ. 2016ರ ಮಾರ್ಚಿನಲ್ಲಿ ಆಕ್ಯುಲಸ್ ರಿಫ್ಟ್ 599 ಡಾಲರಿಗೆ ಬಂತು. ಕೈಗೆ ಹಿಡಿಯುವ ಟಚ್ ಕಂಟ್ರೋಲರ್ ಡಿಸೆಂಬರಿನಲ್ಲಿ ಬೇರೆಯಾಗಿ 199ಕ್ಕೆ ಬಂತು. ಅಲ್ಲಿಗೆ ಸುಮಾರು 800 ಡಾಲರ್. ಮರುವರ್ಷದ ಮಾರ್ಚಿನಲ್ಲಿ ಎರಡೂ ಸೇರಿ 598, ಬೇಸಿಗೆಯಲ್ಲಿ 399. ಆತುರಪಟ್ಟವರು ಕೊಟ್ಟದ್ದರಲ್ಲಿ ಅರ್ಧಕ್ಕೆ ಅದೇ ವಸ್ತು ಕಾದವರಿಗೆ ಸಿಕ್ಕಿತು. 799 ಡಾಲರಿನ ಎಚ್‌ಟಿಸಿ ವೈವ್ 2017ರ ಆಗಸ್ಟಿನಲ್ಲಿ 599 ಆಯಿತು. ಮೆಟಾದ ಕ್ವೆಸ್ಟ್ ಪ್ರೋ 2022ರ ಅಕ್ಟೋಬರಿನಲ್ಲಿ 1,499 ಡಾಲರ್, ಐದೇ ತಿಂಗಳಲ್ಲಿ 999. ಪಿಎಸ್ ವಿಆರ್2 549.99ರಿಂದ ಎರಡು ವರ್ಷಕ್ಕೆ 399.99. ನಡುವೆ ಕ್ವೆಸ್ಟ್ 2 ಮಾತ್ರ 2022ರಲ್ಲಿ ನೂರು ಡಾಲರ್ ಏರಿತು, ಮರುವರ್ಷವೇ ಮತ್ತೆ ಇಳಿಯಿತು. ಆ್ಯಪಲ್‌ನ ವಿಷನ್ ಪ್ರೋ 3,499 ಡಾಲರಿನದು, ಅದನ್ನು ಗೇಮಿನ ಲೆಕ್ಕಕ್ಕೆ ಸೇರಿಸುವುದೇ ಬೇಡ.

ಇಷ್ಟು ಇಳಿಯುವುದಕ್ಕೆ ಕಾರಣ ಸರಳ. ಈ ವಸ್ತುವಿಗೆ ಗಿರಾಕಿಗಳು ಇನ್ನೂ ನಿಗದಿಯಾಗಿಲ್ಲ, ಕಂಪನಿಗಳು ಬೆಲೆ ಕಡಿದು ಅವರನ್ನು ಕರೆಯುತ್ತಿವೆ. ಹೆಡ್‌ಸೆಟ್ ಮಾಡುವ ಮೆಟಾದ ವಿಭಾಗ 2024 ಒಂದೇ ವರ್ಷದಲ್ಲಿ 1,770 ಕೋಟಿ ಡಾಲರಿಗೂ ಹೆಚ್ಚು ನಷ್ಟ ತೋರಿಸಿತು. ಅದೇ ವರ್ಷ 299.99 ಡಾಲರಿಗೆ ಕ್ವೆಸ್ಟ್ 3ಎಸ್ ಬಂದದ್ದರ ಹಿಂದೆ ಆ ಕಂಪನಿಯ ಜೇಬಿತ್ತು.

ಪೆಟ್ಟಿಗೆಯ ಮೇಲಿನ ಬೆಲೆಗೆ ಏನೇನು ಕೂಡಿಸಬೇಕು ಎಂಬುದು ಹೆಡ್‌ಸೆಟ್ಟಿನಲ್ಲಿ ಇನ್ನೂ ಮುಖ್ಯ. ಮೂರು ಜಾತಿಗಳಿವೆ. ಒಂದು, ಒಳಗೇ ಚಿಪ್ಪು ಬ್ಯಾಟರಿ ಎಲ್ಲ ಇರುವ ಕ್ವೆಸ್ಟ್‌ನಂಥದ್ದು. ಎರಡು, ಕನ್ಸೋಲಿಗೆ ಹಚ್ಚುವ ಪಿಎಸ್ ವಿಆರ್2. ಮೂರು, ಗೇಮಿಂಗ್ ಪಿಸಿ ಕೇಳುವಂಥದ್ದು. ಮೂರನೆಯದರಲ್ಲಿ ಹೆಡ್‌ಸೆಟ್ಟಿಗಿಂತ ಪಿಸಿಗೇ ಹೆಚ್ಚು ಹಣ ಹೋಗುತ್ತದೆ. ಪಿಎಸ್ ವಿಆರ್2ನ್ನು 59.99 ಡಾಲರಿನ ಅಡಾಪ್ಟರ್ ಹಾಕಿ ಪಿಸಿಗೂ ಹಚ್ಚಬಹುದು, ಆದರೆ ಕಣ್ಣಿನ ಚಲನೆ ಗುರುತಿಸುವುದು, ಬೆಳಕು ಬಣ್ಣಗಳನ್ನು ಎದ್ದು ಕಾಣಿಸುವ ಎಚ್‌ಡಿಆರ್, ಹೆಡ್‌ಸೆಟ್ಟಿನ ಕಂಪನ ಅಲ್ಲಿ ಕೆಲಸ ಮಾಡವು. ಪಿಸಿಯಲ್ಲಿ ಡಿಸ್‌ಪ್ಲೇಪೋರ್ಟ್ ಕಿಂಡಿಯೂ ಬೇಕು.

ಎರಡೂ ಲೋಕಗಳು ಒಂದೇ ಕೋಣೆಯಲ್ಲಿ ಸೇರಿದಾಗ ಆಗುವ ತೊಡಕಿಗೆ 2016ರ ಒಂದು ಉದಾಹರಣೆ ಕೊಡುತ್ತೇನೆ. ಆ ವರ್ಷ ಸೋನಿ ಅಕ್ಟೋಬರಿನಲ್ಲಿ ಪ್ಲೇಸ್ಟೇಷನ್ ವಿಆರ್ ತಂದಿತು, 399 ಡಾಲರಿಗೆ, ಕ್ಯಾಮೆರಾ ಬೇರೆ. ನಾಲ್ಕು ವಾರ ಕಳೆದು ಪಿಎಸ್4 ಪ್ರೋ. ಹೆಡ್‌ಸೆಟ್ಟಿನ ಜೊತೆ ಒಂದು ಚಿಕ್ಕ ಪೆಟ್ಟಿಗೆ ಬರುತ್ತಿತ್ತು. ಕನ್ಸೋಲಿನಿಂದ ಹೊರಟ ಚಿತ್ರ ಆ ಪೆಟ್ಟಿಗೆ ಹೊಕ್ಕು ಟಿವಿಗೆ ಹೋಗಬೇಕು. ಆದರೆ ಆ ಮೊದಲ ಪೆಟ್ಟಿಗೆ ಎಚ್‌ಡಿಆರ್ ಚಿತ್ರವನ್ನು ದಾಟಿಸುತ್ತಿರಲಿಲ್ಲ. ಹೊಸ ಟಿವಿಯ ಬೆಳಕು ಬಣ್ಣಕ್ಕಾಗಿಯೇ ಪ್ರೋ ಕೊಂಡವರು, ವಿಆರ್ ಆಡಿ ಮುಗಿದ ಮೇಲೆ ಟಿವಿ ಸ್ಟ್ಯಾಂಡಿನ ಹಿಂದೆ ಕೈ ತೂರಿಸಿ ಎಚ್‌ಡಿಎಂಐ ಕೇಬಲ್ ಕಿತ್ತು ಬೇರೆ ಕಡೆ ಚುಚ್ಚಬೇಕಾಗಿತ್ತು. 2017ರ ಕೊನೆಗೆ ಬಂದ ತಿದ್ದಿದ ಮಾದರಿಯಲ್ಲಿ ಇದು ಸರಿಹೋಯಿತು. ಹೆಡ್‌ಸೆಟ್ಟಿನ ಮೊದಲ ಮಾದರಿಗೆ ಕೈ ಹಾಕಬೇಡಿ ಎಂದು ನಾನು ಹೇಳುವುದಕ್ಕೆ ಬೆಲೆಯೊಂದೇ ಕಾರಣವಲ್ಲ.

ಹಳೆಯ ಗೇಮ್‌ಗಳ ಗತಿಯನ್ನೂ ಕೇಳಿಕೊಳ್ಳಿ. ಮೊದಲ ಪಿಎಸ್ ವಿಆರ್‌ಗೆ ಕೊಂಡ ಗೇಮ್ ಪಿಎಸ್ ವಿಆರ್2ರಲ್ಲಿ ನೇರವಾಗಿ ಓಡುವುದಿಲ್ಲ. ಕ್ವೆಸ್ಟ್ 2ರ ಗೇಮ್‌ಗಳು ಕ್ವೆಸ್ಟ್ 3ರಲ್ಲಿ ಓಡುತ್ತವೆ.

ಇನ್ನು ಮೈಗೆ ಹೊಂದುವ ಮಾತು. ಟಿವಿಯನ್ನು ನೋಡುತ್ತೇವೆ, ಹೆಡ್‌ಸೆಟ್ಟನ್ನು ತೊಡುತ್ತೇವೆ. ಚಪ್ಪಲಿಯ ಹಾಗೆ ಅದಕ್ಕೂ ಅಳತೆ ಉಂಟು, ಕಣ್ಣುಗೊಂಬೆಗಳ ನಡುವಿನ ದೂರವೇ ಆ ಅಳತೆ. ಕನ್ನಡಿಯಿಂದ ಎಂಟು ಇಂಚು ದೂರ ನಿಂತು, ಮಿಲಿಮೀಟರ್ ಸ್ಕೇಲನ್ನು ಹುಬ್ಬಿಗೆ ಒತ್ತಿ ಹಿಡಿಯಿರಿ. ಬಲಗಣ್ಣು ಮುಚ್ಚಿ ಸೊನ್ನೆಯನ್ನು ಎಡಗಣ್ಣಿನ ಗೊಂಬೆಯ ನಡುವಿಗೆ ತನ್ನಿ. ಸ್ಕೇಲ್ ಅಲುಗಿಸದೆ ಎಡಗಣ್ಣು ಮುಚ್ಚಿ, ಬಲಗಣ್ಣಿನ ಗೊಂಬೆಯ ನೇರಕ್ಕೆ ಯಾವ ಅಂಕಿ ಇದೆ ಓದಿ. ಕ್ವೆಸ್ಟ್ 2 ಮತ್ತು 3ಎಸ್‌ಗಳಲ್ಲಿ ಲೆನ್ಸ್ ಸರಿಸಲು ಮೂರೇ ಸ್ಥಾನ: 58, 63, 68. ನಿಮ್ಮದು 72 ಬಂದರೆ ಅಂಚುಗಳು ಮಸುಕಾಗಿ ತಲೆನೋವು ಬರಬಹುದು. ಕ್ವೆಸ್ಟ್ 3ರಲ್ಲಿ ಚಕ್ರ ತಿರುಗಿಸಿ ಬೇಕಾದಲ್ಲಿ ನಿಲ್ಲಿಸಬಹುದು. ಎರಡರ ಬೆಲೆಯಲ್ಲಿರುವ ವ್ಯತ್ಯಾಸಕ್ಕೆ ಕೆಲವರ ಪಾಲಿಗೆ ಇದೊಂದೇ ಸಾಕಾದ ಕಾರಣ.

ಜಾಗ ಆರೂವರೆ ಅಡಿ ಉದ್ದ, ಆರೂವರೆ ಅಡಿ ಅಗಲ ಖಾಲಿ ಬೇಕು. ನಮ್ಮ ಮನೆಗಳಲ್ಲಿ ಮೇಲೂ ನೋಡಬೇಕು. ಕೈಯೆತ್ತಿ ಜಿಗಿದರೆ ಫ್ಯಾನಿನ ರೆಕ್ಕೆ ತಾಗುವಷ್ಟು ತಗ್ಗಿನ ಚಾವಣಿ ಎಷ್ಟೋ ಕಡೆ ಇದೆ. ಹೆಡ್‌ಸೆಟ್ಟು ನೆಲದ ಮೇಲೆ ಗೆರೆ ಹಾಕಿ ಗೋಡೆ ಹತ್ತಿರ ಬಂದರೆ ಎಚ್ಚರಿಸುತ್ತದೆ, ತಲೆಯ ಮೇಲಿನ ಫ್ಯಾನಿನ ಬಗ್ಗೆ ಅದಕ್ಕೆ ಗೊತ್ತಿಲ್ಲ. ಫ್ಯಾನ್ ಆರಿಸಿದರೆ ಮಂಗಳೂರಿನ ಸೆಕೆಯಲ್ಲಿ ಹತ್ತು ನಿಮಿಷಕ್ಕೆ ಲೆನ್ಸ್ ಮಂಜಾಗುತ್ತದೆ. ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟುಕೊಂಡರೆ ಎರಡೂ ತೊಂದರೆ ತಪ್ಪುತ್ತವೆ. ಗಾಳಿ ಬರುವ ದಿಕ್ಕಿನಿಂದ ನೀವು ಯಾವ ಕಡೆ ತಿರುಗಿದ್ದೀರಿ ಎಂಬುದೂ ತಿಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಬಿಸಿಲಿನದು. ಭೂತಗನ್ನಡಿ ಹಿಡಿದು ಕಾಗದ ಸುಟ್ಟ ನೆನಪು ಎಲ್ಲರಿಗೂ ಇರುತ್ತದೆ. ಹೆಡ್‌ಸೆಟ್ಟಿನ ಲೆನ್ಸೂ ಅದೇ ಕೆಲಸ ಮಾಡುತ್ತದೆ. ಕಿಟಕಿಯ ಪಕ್ಕ ಲೆನ್ಸ್ ಮೇಲ್ಮುಖವಾಗಿ ಬಿಟ್ಟರೆ ಬಿಸಿಲು ಒಳಗಿನ ಪರದೆಯ ಮೇಲೆ ಚುಕ್ಕೆಯಾಗಿ ಬಿದ್ದು ಅಲ್ಲಿ ಸುಡುತ್ತದೆ. ಆ ಕಲೆ ಹೋಗುವುದಿಲ್ಲ, ವಾರಂಟಿಗೂ ಬರುವುದಿಲ್ಲ. ಆಡಿದ ಕೂಡಲೇ ಚೀಲಕ್ಕೆ ಹಾಕಿ. ಮಕ್ಕಳಿರುವ ಮನೆಗಳಿಗೆ ಇನ್ನೊಂದು ಮಾತು: ಸೋನಿ ತನ್ನ ಹೆಡ್‌ಸೆಟ್ಟನ್ನು 12 ವರ್ಷದೊಳಗಿನವರಿಗೆ ಕೊಡಬೇಡಿ ಎನ್ನುತ್ತದೆ, ಮೆಟಾ 10 ವರ್ಷದಿಂದ ಮೇಲಕ್ಕೆ ಅಪ್ಪ ಅಮ್ಮನ ಉಸ್ತುವಾರಿಯಲ್ಲಿ ಬಿಡುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆ, ಗಾಂಧಿನಗರದ ಕಡೆ ಹೋಗುವವರು ಇದೇ ಕಲೆಯನ್ನು ಮೊದಲು ಹುಡುಕಬೇಕು. ಹೆಡ್‌ಸೆಟ್ ಆನ್ ಮಾಡಿಸಿ, ಪೂರ್ತಿ ಬಿಳಿಯ ಪುಟವೊಂದನ್ನು ತೆರೆದು, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಹಳದಿಯೋ ಕಪ್ಪೋ ಚುಕ್ಕೆ ಕಂಡರೆ ವಾಪಸು ಕೊಟ್ಟುಬಿಡಿ. 2017ರಿಂದ ಏಸರ್, ಎಚ್‌ಪಿ, ಲೆನೊವೊ ಮೊದಲಾದವು ಮಾಡಿದ 'ವಿಂಡೋಸ್ ಮಿಕ್ಸ್ಡ್ ರಿಯಾಲಿಟಿ' ಹೆಡ್‌ಸೆಟ್‌ಗಳು ಬಹಳ ಅಗ್ಗಕ್ಕೆ ಸಿಕ್ಕಿದರೂ ಮರುಳಾಗಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅವುಗಳ ಬೆಂಬಲವನ್ನೇ ತೆಗೆದುಹಾಕಿದೆ. ಕ್ವೆಸ್ಟ್ ಆದರೆ ಮಾರುವವರ ಎದುರಿನಲ್ಲೇ ಅವರ ಖಾತೆ ತೆಗೆಸಿ, ಫ್ಯಾಕ್ಟರಿ ರೀಸೆಟ್ ಮಾಡಿಸಿ, ನಿಮ್ಮ ಖಾತೆ ಹಾಕಿ ಒಳಹೋದ ಮೇಲೆ ದುಡ್ಡು ಕೊಡಿ. ಕನ್ಸೋಲಿನಲ್ಲಿ ಕಂಟ್ರೋಲರಿನ ಕಡ್ಡಿ ಮುಟ್ಟದೆ ಟೇಬಲ್ ಮೇಲಿಟ್ಟು ಗೇಮಿನ ಕ್ಯಾಮೆರಾ ತಾನಾಗಿ ಜಾರುತ್ತದೆಯೇ ನೋಡಿ. ಡಿಸ್ಕ್ ಹಾಕಿ ಹೊರತೆಗೆಸಿ. ಅರ್ಧ ಗಂಟೆ ಭಾರೀ ಗೇಮ್ ಓಡಿಸಿ ಫ್ಯಾನಿನ ಸದ್ದು ಕೇಳಿ. ಅರ್ಧ ಗಂಟೆ ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಸೋದರಳಿಯ ಡಿಸ್ಕ್ ಡ್ರೈವ್ ಇರುವ ಮಾಮೂಲಿ ಪಿಎಸ್5 ತಂದ. ಮೊದಲ ಮಾದರಿಯ 825 ಜಿಬಿಯಲ್ಲಿ ಆಟಕ್ಕೆ ಸಿಗುವುದು 667 ಜಿಬಿ ಮಾತ್ರ, ನಾಲ್ಕೈದು ದೊಡ್ಡ ಗೇಮಿಗೆ ತುಂಬಿಬಿಡುತ್ತದೆ. ಹೊಸ ಮಾದರಿಗಳಲ್ಲೂ ಒಂದು ಎಂ.2 ಎಸ್‌ಎಸ್‌ಡಿ ಸೇರಿಸಿಕೊಳ್ಳುವುದು ಒಳ್ಳೆಯದು. ಉಳಿದ ಹಣದಲ್ಲಿ ಅದನ್ನೂ ಒಂದು ಯುಪಿಎಸ್ಸನ್ನೂ ಕೊಂಡ. ಮೊನ್ನೆ ಫೋನ್ ಮಾಡಿದ್ದ. ಸೋಫಾವನ್ನು ಮುಂದಕ್ಕೆ ಸರಿಸಲು ಅಕ್ಕ ಒಪ್ಪಿಲ್ಲವಂತೆ, ಆಡುವಾಗ ಮಾತ್ರ ಬೆತ್ತದ ಕುರ್ಚಿ ಹಾಕಿಕೊಂಡು ಟಿವಿಯಿಂದ ಐದು ಅಡಿಗೆ ಕೂರುತ್ತಾನಂತೆ. ಕನ್ನಡಿ ಮುಂದೆ ನಿಂತು ಅಳೆದುಕೊಂಡಿದ್ದಾನೆ, 66 ಬಂದಿದೆ. ಹೆಡ್‌ಸೆಟ್ಟನ್ನು ಬರುವ ದೀಪಾವಳಿಗೆ ನೋಡೋಣ ಎಂದಿದ್ದೇನೆ.